ಕರಿಬಟ್ಟೆಯ ಅಂಚು

ಅಳುವುದಕ್ಕೂ ಗಂಟಲು ಬೇಕು ಎಂಬುದು ಶ್ಯಾಮಲಳಿಗೆ ಗೊತ್ತಾದದ್ದು ಆ ಬೆಳಿಗ್ಗೆ, ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅತ್ತೆಯನ್ನು ಕರೆಯಲು ಬಾಯಿ ತೆರೆದಾಗ. ಬಂದದ್ದು ಬರೀ ಗಾಳಿ. ಕೆಮ್ಮಿ, ಉಗುಳು ನುಂಗಿ ಇನ್ನೊಮ್ಮೆ ತೆರೆದಳು. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಸುಯ್ ಎಂದಿತು. ವೆಂಕಟರತ್ನಮ್ಮ ಹಾಲು ಕರೆಯುವುದನ್ನು ನಿಲ್ಲಿಸದೆ, ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡೇ, "ಓಯ್ತಾ?" ಎಂದಳು. "ನಾನು ಮೊದ್ಲೇ ಅಂದಿದ್ದೆ. ಊರೂರು ತಿರುಗಿ ಬೇರೆಯೋರ ಗಂಡಂದ್ರಿಗೆಲ್ಲ ಅತ್ತರೆ ಇನ್ನೇನಾಯ್ತದೆ? ನಿಮ್ಮ ಮಾವ ಓದಾಗ ಒಂದು ಅನಿ ನೀರು ಬರ್ಲಿಲ್ಲ ನಿನ್ನ ಕಣ್ಣಾಗೆ." ಅದು ಸುಳ್ಳಲ್ಲ. ಮಾವನ ಹೆಣ ಅಂಗಳದಲ್ಲಿದ್ದ ದಿನ ಶ್ಯಾಮಲ ಒಣಗಿದ ಕಣ್ಣಿನಿಂದ ನೋಡುತ್ತ ನಿಂತಿದ್ದಳು. ದೂರದ ಸಂಬಂಧದ ಮುದುಕಿಯೊಬ್ಬಳು ಎಲ್ಲರಂತೆ ಎದೆ ಬಡಿದುಕೊಳ್ಳದೆ ತೊಡೆ ಬಡಿದುಕೊಂಡು ಅಳುತ್ತಿದ್ದುದನ್ನು ಗಮನಿಸಿ, ಇದು ಚೆನ್ನಾಗಿದೆ ಅಂದುಕೊಂಡಿದ್ದಳು. ಮುಂದಿನ ತಿಂಗಳ ನಾಟಕ ಪ್ರದರ್ಶನದಲ್ಲಿ ಅದು ಬಹಳ ಚೆನ್ನಾಗಿ ಕೂತಿತು. ಆಮೇಲೆ ಎರಡು ದಿನ ಊಟ ಸೇರದೆ ಇದ್ದದ್ದೂ ನಿಜ, ಆದರೆ ಪ್ರದರ್ಶನಗಳು ನಿಲ್ಲಲಿಲ್ಲ, ತೊಡೆ ಬಡಿದುಕೊಳ್ಳುವುದೂ ನಿಲ್ಲಲಿಲ್ಲ.

ಬಂಗಾರಪೇಟೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮೆಣಸಿನ ನೀರನ್ನು ಗುಟುಕರಿಸುತ್ತಿದ್ದಾಗಲೂ ಅವಳಿಗೆ ಇದ್ದದ್ದು ಹೆದರಿಕೆಯಲ್ಲ, ಒಂದು ಬಗೆಯ ಸಿಡಿಮಿಡಿ. ಹನ್ನೊಂದಕ್ಕೆ ಸಭಾಭವನದಲ್ಲಿ ತಾಲ್ಲೂಕು ಕಚೇರಿಯ ಸ್ವಚ್ಛತಾ ಕಾರ್ಯಕ್ರಮ, ಅದರಲ್ಲಿ ‘ಗುಂಡಿ’ ನಾಟಕ. ಅವಳೇ ಕಟ್ಟಿದ ನೆಲದನಿ ಮಹಿಳಾ ತಂಡದ ಐದು ಹೆಂಗಸರು ಏಳು ವರ್ಷದಿಂದ ಆಡುತ್ತಿದ್ದ ನಾಟಕ ಅದು. ಶೌಚದ ಗುಂಡಿ ಬಳಿಯಲು ಇಳಿದು ಉಸಿರುಗಟ್ಟಿ ಸತ್ತ ಕೂಲಿಯವನೊಬ್ಬನ ಕಥೆ. ಹೆಸರು ಬದಲಿಸಿದ್ದರೂ ಅದು ಗಣಿ ಕೂಲಿಯವರ ಮನೆಸಾಲಾದ ಕೋರಮಂಡಲ್ ಲೈನಿನ ಆರುಮುಗಂ ಎಂದು ಕೆಜಿಎಫ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಗಣಿ ಮುಚ್ಚಿದ ಮೇಲೆ ಲೈನಿನ ಗಂಡಸರು ಬೆಂಗಳೂರಿನ ರೈಲು ಹತ್ತಿದರು, ಹತ್ತಲಾಗದವರು ಸಿಕ್ಕ ಕೆಲಸಕ್ಕೆ ಹೋದರು. ಹಾಗೆ ಹೋದ ಆರುಮುಗಂ ಎಂಟು ವರ್ಷದ ಹಿಂದೆ ಒಂದು ಮದುವೆ ಛತ್ರದ ಹಿಂದಿನ ಗುಂಡಿಗೆ ಇಳಿದು ಮೇಲೆ ಬರಲಿಲ್ಲ. ಅವನ ಹೆಂಡತಿ ಅಮ್ಮಾಜಮ್ಮನೂ ತಂಡದಲ್ಲಿದ್ದಳು. ಆದರೆ ಅಮ್ಮಾಜಮ್ಮನ ಪಾತ್ರ ಮಾಡುತ್ತಿದ್ದವಳು ಶ್ಯಾಮಲ.

ಮೊದಲು ಅಮ್ಮಾಜಮ್ಮನಿಂದಲೇ ಮಾಡಿಸಿ ನೋಡಿದ್ದರು. ಗಣಿಯ ಕಾಲದ ಹಳೇ ವಾಚನಾಲಯದಲ್ಲಿ ತಾಲೀಮು. ಕಿಟಕಿಯಿಂದ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಬಿಳಿಧೂಳು ಬಂದು ನೆಲದ ಮೇಲೆ ಕೂರುತ್ತಿತ್ತು. ಗಂಡ ಸತ್ತ ಸುದ್ದಿ ಬರುವ ದೃಶ್ಯದಲ್ಲಿ ಅಮ್ಮಾಜಮ್ಮ ಗೂಟದ ಹಾಗೆ ನಿಂತು, ರೇಷನ್ ಅಂಗಡಿ ಮುಚ್ಚಿದೆ ಎನ್ನುವ ದನಿಯಲ್ಲಿ "ಸತ್ತೋದ್ರಂತೆ" ಎಂದು ಹೇಳಿ ಕೂತುಬಿಟ್ಟಳು. ತರಬೇತಿ ಕೊಡಲು ಬಂದಿದ್ದ ಬೆಂಗಳೂರಿನವರು ನಿಟ್ಟುಸಿರು ಬಿಟ್ಟು, ಅನುಭವ ಇದ್ದರೆ ಸಾಲದು, ಅದು ಎದುರಿಗೆ ಕೂತವರಿಗೆ ಮುಟ್ಟಬೇಕು ಎಂದರು. ಹೇಗೆ ಮುಟ್ಟಬೇಕೆಂದು ಶ್ಯಾಮಲ ತೋರಿಸಿದಳು. ನಾಲ್ಕು ನಿಮಿಷ ಅತ್ತಳು. ಮುಗಿಸಿ ತಲೆಯೆತ್ತಿದಾಗ ಅಮ್ಮಾಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ನೀವೇ ಮಾಡಿ ಶ್ಯಾಮಲಮ್ಮ, ನಂಗೆ ಬರಲ್ಲ," ಎಂದಿದ್ದಳು. ಅಂದಿನಿಂದ ಅವಳಿಗೆ ಕರಿಬಟ್ಟೆಯ ಕೆಲಸ. ಒಂದು ತುದಿಯನ್ನು ಬಿದಿರಿನ ಕೋಲಿಗೆ ಕಟ್ಟಿ, ಇನ್ನೊಂದನ್ನು ಅವಳು ಹಿಡಿದು ಅಗಲಿಸಿದ ಕರೀ ಬಟ್ಟೆಯೇ ಗುಂಡಿ. ಅದರ ಹಿಂದೆ ಗಂಡನ ಪಾತ್ರದ ಕಲಾ ಮೆಲ್ಲಗೆ ಕುಸಿದು ಮರೆಯಾಗಬೇಕು. ನೂರಾರು ಸಲ, ಊರಿಂದೂರಿಗೆ, ಅಮ್ಮಾಜಮ್ಮ ತನ್ನ ಗಂಡ ಬೀಳುವ ಗುಂಡಿಯ ಅಂಚನ್ನು ಹಿಡಿದು ನಿಂತಿದ್ದಳು. ಇದು ಶ್ಯಾಮಲಳಿಗೆ ಯಾವತ್ತೂ ವಿಚಿತ್ರವಾಗಿ ಕಂಡಿರಲಿಲ್ಲ. ಗಟ್ಟಿಯಾಗಿ ಹಿಡಿಯುತ್ತಾಳೆ ಅನ್ನಿಸಿತ್ತು, ಅಷ್ಟೆ.

ಸಭಾಭವನದ ವೇದಿಕೆಯ ಹಿಂದಿನ ಕೋಣೆಯಲ್ಲಿ ಕೆಜಿಎಫ್‌ನ ನಾಲ್ವರೂ ಆಗಲೇ ಬಂದು ಕೂತಿದ್ದರು. ರೈಲಿನಲ್ಲಿ ಕೊಂಡಿದ್ದ ಕಡಲೆಕಾಯಿ ಸಿಪ್ಪೆ ಕಲಾಳ ಮಡಿಲಲ್ಲಿತ್ತು. ಶ್ಯಾಮಲ ಗಂಟಲನ್ನು ಮುಟ್ಟಿ ತೋರಿಸಿ ಕೈ ಆಡಿಸಿದಾಗ ಕಲಾ ಮೊದಲು ನಕ್ಕಳು, ಆಮೇಲೆ ಅವಳ ಮುಖ ನೋಡಿ ನಿಲ್ಲಿಸಿದಳು. ಅಷ್ಟರಲ್ಲಿ ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದ ಗುಮಾಸ್ತ ಸಾಯಿಕುಮಾರ್ ಬಾಗಿಲಲ್ಲಿ ಇಣುಕಿದ. ಕೈಯಲ್ಲಿ ಆಹ್ವಾನಪತ್ರಿಕೆಗಳ ಕಟ್ಟು, ಕಂಕುಳಲ್ಲಿ ಶಾಲು ಇಟ್ಟ ಪ್ಲಾಸ್ಟಿಕ್ ಚೀಲ.

"ಮೇಡಂ, ಒಂದು ಸಣ್ಣ ವಿಷಯ. ಗುಂಡಿ ಅನ್ನೋ ಪದ ಸ್ವಲ್ಪ ಕಮ್ಮಿ ಮಾಡೋಕಾಗುತ್ತಾ? ನಮ್ಮ ತಾಲ್ಲೂಕಲ್ಲಿ ಆ ಕೆಲಸಾನೇ ಇಲ್ಲ ಅಂತ ವರದಿ ಕಳ್ಸಿದೀವಿ. ಸಾಹೇಬರು ಎದುರಿಗೇ ಕೂತಿರ್ತಾರೆ."

"ನಾಟಕದ ಹೆಸರೇ ಗುಂಡಿ ಅಲ್ವಾ ಸಾರ್," ಎಂದಳು ಕಲಾ.

"ಹೆಸರು ಇರ್ಲಿ. ಒಳಗೆ ಕಮ್ಮಿ ಮಾಡಿ."

ಬೇರೆ ದಿನವಾಗಿದ್ದರೆ ಶ್ಯಾಮಲ ಅವನಿಗೆ ಉತ್ತರ ಕೊಡುತ್ತಿದ್ದಳು. ಬಂಗಾರಪೇಟೆಯ ಕಾಲೇಜಿನಲ್ಲಿ ಮೂರು ವರ್ಷವೂ ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಅವಳದೇ. ಎದುರಾಳಿ ಏನು ಹೇಳಬಹುದೆಂದು ಮೊದಲೇ ಊಹಿಸಿ ಅದನ್ನು ತಾನೇ ಹೇಳಿ ಮುರಿದುಹಾಕುವುದು ಅವಳ ಪಟ್ಟು. ಈಗ ತಲೆಯಾಡಿಸಿದಳು, ಒಪ್ಪಿದಳೆಂದು ತಿಳಿದು ಸಾಯಿಕುಮಾರ್ ಖುಷಿಯಿಂದ ಹೋದ. ಯಾರು ಅಳಬೇಕೆಂಬ ಪ್ರಶ್ನೆ ಕೋಣೆಯ ನಡುವೆ ಕೂತಿತ್ತು. ಕಲಾಗೆ ಹಾಡು ಬರುತ್ತದೆ, ಅಳು ಬರುವುದಿಲ್ಲ, ಮೇಲಾಗಿ ಅವಳು ಗಂಡ. ತಮಟೆಯವರಲ್ಲಿ ಒಬ್ಬಳು ಮೇಸ್ತ್ರಿ, ಇನ್ನೊಬ್ಬಳು ತಮಟೆ ಬಿಟ್ಟು ಏಳುವಂತಿಲ್ಲ. "ಅಮ್ಮಾಜಕ್ಕ ಮಾಡ್ಲಿ," ಎಂದಳು ಕಲಾ, "ಬಟ್ಟೆ ಶ್ಯಾಮಲಕ್ಕ ಹಿಡೀಲಿ. ಅದಕ್ಕೆ ಮಾತು ಬೇಡ."

ಎಲ್ಲರೂ ಅಮ್ಮಾಜಮ್ಮನ ಕಡೆ ನೋಡಿದರು. ಅವಳು ಕಡಲೆಕಾಯಿ ಅಗಿಯುವುದನ್ನು ಮುಗಿಸಿ, ಬಾಯಿ ಒರೆಸಿಕೊಂಡು, "ಸೆರಿ" ಎಂದಳು. ಶ್ಯಾಮಲ ಕಣ್ಣಿನ ಕೆಳಗೆ ಬೆರಳು ಎಳೆದು, ತೊಡೆ ಬಡಿದು ತೋರಿಸಿದಳು, ನಾಲ್ಕು ಬೆರಳು ಎತ್ತಿ ನಾಲ್ಕು ನಿಮಿಷ ಎಂದು ಸೂಚಿಸಿದಳು. "ನೋಡಿದೀನಲ್ಲ ಶ್ಯಾಮಲಮ್ಮ," ಎಂದಳು ಅಮ್ಮಾಜಮ್ಮ, "ಏಳು ವರ್ಷ ಪಕ್ಕದಲ್ಲೇ ನಿಂತು ನೋಡಿದೀನಿ."

ನಾಟಕ ಶುರುವಾಗಿ, ಬಟ್ಟೆ ಹಿಡಿದು ಎರಡು ನಿಮಿಷಕ್ಕೆ ಶ್ಯಾಮಲಳ ತೋಳು ಸೋತಿತು. ಹಿಡಿದರೆ ಸಾಲದು, ಒಳಗಿನ ವಿಷದ ಗಾಳಿ ಕಾಣಿಸಲೆಂದು ಅದನ್ನು ಅಲುಗಿಸುತ್ತಲೇ ಇರಬೇಕು. ಅಲುಗಿಸಬೇಕೆಂದು ಹೇಳಿದವಳೂ ಅವಳೇ. ಅಮ್ಮಾಜಮ್ಮ ಒಮ್ಮೆಯೂ ತೋಳು ನೋಯುತ್ತದೆ ಎಂದಿರಲಿಲ್ಲ, ಅಥವಾ ಎಂದಿದ್ದಳೇನೋ. ವೇದಿಕೆಯ ಅಂಚಿನಿಂದ ಎಲ್ಲವೂ ಬೇರೆಯಾಗಿ ಕಾಣುತ್ತಿತ್ತು. ಮುಂದಿನ ಸಾಲಿನ ಸೋಫಾದಲ್ಲಿ ಸಾಹೇಬರು ಮೊಬೈಲಿನಲ್ಲಿ ಏನೋ ಓದುತ್ತಿದ್ದರು. ಹಿಂದೆ, ಪೌರಕಾರ್ಮಿಕ ಹೆಂಗಸರು ಹೊಸದಾಗಿ ಕೊಟ್ಟ ಹಸಿರು ಕೋಟು ಹಾಕಿಕೊಂಡು ಸೆಕೆಯಲ್ಲಿ ಬೆವರುತ್ತ ಕೂತಿದ್ದರು. ನಡುವಿನಲ್ಲಿ ನಿಂತು ಅಳುವಾಗ ಇವರ್‍ಯಾರೂ ಅವಳಿಗೆ ಕಂಡಿರಲಿಲ್ಲ. ಅಳುವವಳಿಗೆ ಬೆಳಕು ಕಾಣುತ್ತದೆ, ಜನ ಕಾಣುವುದಿಲ್ಲ.

ತಮಟೆ ಏರಿತು. ಕಲಾ ಪಂಚೆ ಎತ್ತಿ ಕಟ್ಟಿ ಬಂದು, ಗುಂಡಿಯ ಮುಂದೆ ನಿಂತು, ಸೊಂಟದಿಂದ ಬಾಟಲಿ ತೆಗೆದಳು. ನಾತ ತಡೆಯಲಾರದೆ ಕುಡಿಯುವವನ ಹಾಡು ಅಲ್ಲಿ ಬರಬೇಕು. ಆ ಬಾಟಲಿ ನಾಟಕಕ್ಕೆ ಹೇಗೆ ಬಂತೆಂದು ಶ್ಯಾಮಲ ಬಹಳ ದಿನದಿಂದ ಯೋಚಿಸಿರಲಿಲ್ಲ. ಮೊದಲ ತಾಲೀಮಿನಲ್ಲಿ ಅಮ್ಮಾಜಮ್ಮ ಹತ್ತಿರ ಬಂದು, "ಅವ್ರು ಕುಡೀತಿರ್ಲಿಲ್ಲ ಶ್ಯಾಮಲಮ್ಮ," ಎಂದದ್ದು, ತಾನು ಅವಳ ಹೆಗಲ ಮೇಲೆ ಕೈಯಿಟ್ಟು, "ಅಕ್ಕ, ಇದು ನಿಮ್ಮ ಯಜಮಾನರ ಕಥೆ ಅಲ್ಲ, ಆ ಕೆಲಸ ಮಾಡೋ ಎಲ್ಲರ ಕಥೆ," ಎಂದು ತಿಳಿಹೇಳಿದ್ದು ನೆನಪಿತ್ತು. ಆ ಮಾತು ಎಷ್ಟು ಚೆನ್ನಾಗಿತ್ತೆಂದರೆ ಮುಂದೆ ಅದನ್ನೇ ಕರಪತ್ರದಲ್ಲಿ ಅಚ್ಚು ಹಾಕಿಸಿದ್ದಳು. ಈಗ ಕಲಾ ಬಾಟಲಿ ಎತ್ತಿದಳು. ಅಮ್ಮಾಜಮ್ಮ, ಆ ದೃಶ್ಯದಲ್ಲಿ ಇರಲೇಬಾರದವಳು, ಮೂಲೆಯಿಂದ ನಡೆದು ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಪಾತ್ರೆ ತೊಳೆಯುವವಳು ಲೋಟ ಎತ್ತಿಕೊಳ್ಳುವ ಹಾಗೆ ತೆಗೆದುಕೊಂಡು, "ಇವ್ರು ಕುಡಿಯಲ್ಲ," ಎಂದು ಸಭೆಗೆ ಹೇಳಿ, ಬಾಟಲಿಯನ್ನು ವೇದಿಕೆಯ ಹಿಂದೆ ಇಟ್ಟು ಬಂದಳು. ಹಾಡು ನಿಂತಿತು. ಕಲಾ ಬೇರೇನೂ ತೋಚದೆ ಗುಂಡಿಗೆ ಇಳಿದಳು.

ಆಮೇಲೆ ಸುದ್ದಿ ಬರುವ ದೃಶ್ಯ. ತಮಟೆಯ ಹೆಂಗಸೊಬ್ಬಳು ಮೇಸ್ತ್ರಿಯಾಗಿ ಬಂದು, ನಿನ್ನ ಗಂಡ ಹೋಗಿಬಿಟ್ಟ ಎಂದಳು. ತೊಡೆ ಬಡಿದುಕೊಳ್ಳಲು ಶ್ಯಾಮಲಳ ಕೈ ತಾನಾಗಿಯೇ ಏಳಲು ನೋಡಿತು. ಬಟ್ಟೆ ಇದ್ದದ್ದರಿಂದ ಏಳಲಿಲ್ಲ. ಅಮ್ಮಾಜಮ್ಮ ಅಳಲಿಲ್ಲ. ಮೇಸ್ತ್ರಿಯನ್ನು ನೋಡುತ್ತ ನಿಂತು, "ಮೊಕ ತೊಳೆದ್ರಾ?" ಎಂದು ಕೇಳಿದಳು. ಮೇಸ್ತ್ರಿಗೆ ಆ ಮಾತು ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಅವ್ರ ಮೊಕ ತೊಳೆದ್ರಾ? ಮೇಲಕ್ಕೆ ತಂದ ಮೇಲೆ ನೀರು ಹಾಕಿದ್ರಾ?" ಮೇಸ್ತ್ರಿ ಇಲ್ಲ ಎಂದು ತಲೆಯಾಡಿಸಿದಳು, ಆಡಿಸಬೇಕಾದ್ದು ಅದೇ ಎಂದು ಅವಳಿಗೆ ಹೇಗೋ ಹೊಳೆದಿರಬೇಕು. "ಸೋಪು ಜೇಬಲ್ಲೇ ಇರ್ತದೆ ಅವರ್ಗೆ. ಕೆಂಪು ಸೋಪು. ನೋಡ್ಬಾರ್ದಾಗಿತ್ತಾ?" ಅಷ್ಟು ಕೇಳಿ ಅಮ್ಮಾಜಮ್ಮ ಕೂತಳು. ನಾಲ್ಕು ನಿಮಿಷದ ಜಾಗದಲ್ಲಿ ಒಂದೇ ನಿಮಿಷ ಹಿಡಿದಿತ್ತು. ಹಸಿರು ಕೋಟಿನ ಹೆಂಗಸರು ಅಲ್ಲಾಡದೆ ಕೂತಿದ್ದರು. ಮುಂದಿನ ಸಾಲಿನವರು ಮುಗಿಯಿತೋ ಇಲ್ಲವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಚಪ್ಪಾಳೆ ತಟ್ಟಿದರು. ಶ್ಯಾಮಲಳಿಗೆ ಆದದ್ದು ಮೆಚ್ಚುಗೆಯೇ ಎಂದು ಹೇಳುವಂತಿರಲಿಲ್ಲ. ಇಷ್ಟು ವರ್ಷ ತಾನು ಸುರಿಸಿದ ಕಣ್ಣೀರಿಗೆ ಅರ್ಥವೇನೆಂದು ಅವಳಿಗೆ ಹೊಟ್ಟೆಕಿಚ್ಚಿನಂಥದೇನೋ ಆಯಿತು, ಆದದ್ದಕ್ಕೆ ನಾಚಿಕೆಯೂ ಆಯಿತು.

ಸಾಹೇಬರಿಗೆ ನಾಟಕ ಬಹಳ ಹಿಡಿಸಿತ್ತು. ಮೈಕಿನ ಮುಂದೆ ನಿಂತು, ಸ್ವಚ್ಛತೆ ಮನೆಯಿಂದ ಶುರುವಾಗಬೇಕು ಎಂದರು, ಕುಡಿತವೇ ಎಲ್ಲ ಅನಾಹುತಕ್ಕೂ ಮೂಲ ಎಂದರು. "ಗಂಡನ ಕೈಯಿಂದ ಬಾಟಲಿ ಕಿತ್ತುಕೊಂಡ ಆ ತಾಯಿಯನ್ನ ನೋಡಿದ್ರಲ್ಲ? ಪ್ರತಿ ಮನೆಯಲ್ಲೂ ಅಂಥ ಹೆಣ್ಣುಮಗಳಿದ್ದರೆ ಯಾವ ಗಂಡಸೂ ಹಾಳಾಗಲ್ಲ." ಹೆಚ್ಚಿನ ಚಪ್ಪಾಳೆ ಇದಕ್ಕೆ ಬಂತು. ಅಮ್ಮಾಜಮ್ಮ ಕೈಕಟ್ಟಿ ಕೇಳುತ್ತಿದ್ದಳು. ಇದ್ದದ್ದು ಒಂದೇ ಶಾಲು. ಸಾಯಿಕುಮಾರ್ ಅದನ್ನು ತಂಡದ ನಾಯಕಿಗೆ ಎಂದು ಕೂಗಿದ. ಶ್ಯಾಮಲ ಅದನ್ನು ಹೆಗಲಿನಿಂದ ತೆಗೆದು ಅಮ್ಮಾಜಮ್ಮನಿಗೆ ಹೊದಿಸಲು ಹೋದಾಗ ಫೋಟೋದವನು, "ಮೇಡಂ, ಇನ್ನೂ ತೆಗ್ದಿಲ್ಲ, ಹಾಗೇ ಇರಿ," ಎಂದ. ಹಾಗೇ ನಿಂತಳು. ಎರಡು ಮಾತು ಆಡಿ ಎಂದು ಮೈಕು ಮುಂದೆ ಹಿಡಿದರು. ಅವಳು ಬಾಯಿ ತೆರೆದಳು. ಸುಯ್ ಎಂಬ ಸದ್ದು ಸಭಾಭವನದ ನಾಲ್ಕು ಗೋಡೆಗೂ ಹೋಗಿ ತಗುಲಿತು. ಮೈಕಿನವನು ಓಡಿಬಂದು ವೈರು ಅಲುಗಾಡಿಸಿದ.

ಊಟಕ್ಕೆ ಎಲ್ಲರೂ ಎದ್ದಾಗ ಅಮ್ಮಾಜಮ್ಮ ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಕಾಗದ ತೆಗೆದು ಸಾಹೇಬರ ಮುಂದೆ ನಿಂತಳು. ಪ್ರತಿ ಪ್ರದರ್ಶನಕ್ಕೂ ಅವಳು ಆ ಕವರು ತರುತ್ತಿದ್ದಳು; ಗುಂಡಿಯಲ್ಲಿ ಸತ್ತವರ ಪಟ್ಟಿಗೆ ಆರುಮುಗಂ ಹೆಸರು ಸೇರಲಿ ಎಂಬುದಷ್ಟೇ ಅವಳ ಬೇಡಿಕೆ. ಕೆಲಸ ಮಾಡುತ್ತ ಸತ್ತ ಎಂದಾದರೆ ಹೆಸರು ಸೇರುತ್ತದೆ, ಕುಡಿದು ಬಿದ್ದ ಎಂದಾದರೆ ಇಲ್ಲ. ಸಾಹೇಬರು ಸಾಯಿಕುಮಾರನನ್ನು ಕರೆದರು. ಅವನಿಗೆ ಆ ಫೈಲು ಗೊತ್ತಿತ್ತು. ಮೊಬೈಲಿನಲ್ಲಿ ಹುಡುಕಿ ಒಂದು ಹಾಳೆಯ ಚಿತ್ರ ತೆಗೆದ.

"ಅಮ್ಮ, ಪ್ರತಿ ಸಲ ಬರ್ತೀರಿ, ನಾನೂ ಪ್ರತಿ ಸಲ ಹೇಳ್ತೀನಿ. ಕುಡಿದಿದ್ದ ಅಂತ ಮೇಸ್ತ್ರಿ ಹೇಳಿದ್ದು ಬಿಡಿ. ನಿಮ್ಮ ಅರ್ಜೀಲೇ ಇದೆಯಲ್ಲ? ‘ನನ್ನ ಗಂಡ ಕುಡಿದಿದ್ದರೂ ಸಹ, ಆತನನ್ನು ಗುಂಡಿಗೆ ಇಳಿಸಿದ್ದು ಕಾನೂನಿನ ಪ್ರಕಾರ ಅಪರಾಧ.’ ಕೆಳಗೆ ನಿಮ್ಮದೇ ಸಹಿ."

ಸಹಿ ತಮಿಳಿನಲ್ಲಿತ್ತು. ಅದರ ಮೇಲಿನ ಹದಿನಾರು ಸಾಲು ಕನ್ನಡ ದುಂಡಗೆ, ಕಾಲೇಜು ಓದಿದವಳ ಅಕ್ಷರದಲ್ಲಿತ್ತು. ಶ್ಯಾಮಲಳಿಗೆ ಅದನ್ನು ಓದಬೇಕಾಗಿರಲಿಲ್ಲ. ಲೈನಿನ ಮನೆಯ ಚಾಪೆಯ ಮೇಲೆ ಕೂತು ತಾನೇ ಬರೆದದ್ದು. ಒಳಗೆ ಹೆಂಗಸರು ಗುಜುಗುಜು ಮಾತಾಡುತ್ತಿದ್ದರು. ಕುಡಿದಿದ್ದ ಎಂದು ಮೇಸ್ತ್ರಿ ಹೇಳಿಯೇ ಹೇಳುತ್ತಾನೆ, ಅದಕ್ಕೆ ಮುಂಚೆ ನಾವೇ ಹೇಳಿ ಮುರಿದುಬಿಡೋಣ ಎಂದು ಅವಳ ಬುದ್ಧಿ ಓಡಿತ್ತು. ‘ಕುಡಿದಿದ್ದರೂ ಸಹ.’ ಎಂಥ ಗಟ್ಟಿ ವಾಕ್ಯ ಎಂದು ಆಗ ಒಳಗೇ ಹಿಗ್ಗಿದ್ದಳು. ಒಂದು ವರ್ಷದ ನಂತರ ನಾಟಕ ಬರೆಯುವಾಗ ಬಾಟಲಿ ಬಂದದ್ದು ಅಲ್ಲಿಂದ. ಈಗ ದನಿ ಇದ್ದಿದ್ದರೆ ಅವಳು ಸುಮ್ಮನಿರುತ್ತಿರಲಿಲ್ಲ. ‘ದ್ದರೂ’ ಎಂಬುದು ಒಪ್ಪಿಗೆಯಲ್ಲ, ವಾದದ ಒಂದು ಹೆಜ್ಜೆ ಎಂದು ವ್ಯಾಕರಣಸಹಿತ ವಿವರಿಸುತ್ತಿದ್ದಳು, ಸಾಹೇಬರು ತಲೆದೂಗುತ್ತಿದ್ದರು, ಬರೆದವರು ಯಾರೆಂಬ ಪ್ರಶ್ನೆ ಏಳುತ್ತಲೇ ಇರಲಿಲ್ಲ. ದನಿಯಿಲ್ಲದೆ ಅವಳು ಶಾಲು ಹೊದ್ದು ನಿಂತಿದ್ದಳು.

"ಪಟ್ಟಿ ನಾಳೆ ಜಿಲ್ಲೆಗೆ ಹೋಗುತ್ತೆ," ಎಂದರು ಸಾಹೇಬರು, ಕೈ ತೊಳೆಯಲು ಹೊರಟವರು. "ಹೊಸ ಹೇಳಿಕೆ ಇದ್ರೆ ಬೆಳಿಗ್ಗೆ ತಂದುಕೊಡಿ. ನೋಡೋಣ."

ಪ್ರದರ್ಶನ ಮುಗಿದ ಮೇಲೆ ಶ್ಯಾಮಲ ತನ್ನೂರಿನ ಬಸ್ಸು ಹಿಡಿಯುವುದು, ಉಳಿದವರು ಮಾರಿಕುಪ್ಪಂ ರೈಲು ಹಿಡಿಯುವುದು ರೂಢಿ. ಅಂದು ಅವಳು ಅವರ ಹಿಂದೆ ನಡೆದು ಸ್ಟೇಷನ್ನಿಗೆ ಹೋದಳು. ರೈಲಿನಲ್ಲಿ ಅಮ್ಮಾಜಮ್ಮನ ಎದುರು ಕೂತು, ನಾಟಕದ ನೋಟ್‌ಬುಕ್ ತೆರೆದು, ‘ಅಕ್ಕ, ನನ್ನ ಅಂತರಂಗದಲ್ಲಿ ಎಂಟು ವರ್ಷಗಳಿಂದ’ ಎಂದು ಬರೆದಳು. ಓದಿಕೊಂಡಾಗ ಅದು ಚೆನ್ನಾಗಿತ್ತು. ಹೊಡೆದುಹಾಕಿದಳು. ಗಾಡಿಯ ಕುಲುಕಾಟದಲ್ಲಿ ಅಕ್ಷರ ಸೊಟ್ಟಗಾಗುತ್ತಿತ್ತು. ಬರೆದು ಮುಗಿಸಿ ನೋಟ್‌ಬುಕ್ ಚಾಚಿದ ಮೇಲೆ ಅಮ್ಮಾಜಮ್ಮನಿಗೆ ಕನ್ನಡ ಓದಲು ಬಾರದೆಂಬುದು ನೆನಪಾಯಿತು. ಅದನ್ನು ಕಲಾ ಕೈಗೆತ್ತಿಕೊಂಡಳು. ಕಲಾಗೆ ಮೆಲ್ಲಗೆ ಓದುವುದು ಗೊತ್ತಿಲ್ಲ. ಬೀದಿಯಲ್ಲಿ ಆಡಿ ಬೆಳೆದ ದನಿ.

"ಅರ್ಜಿ ಬರೆದವಳು ನಾನು. ಅವರು ಕುಡಿದಿದ್ದರು ಎಂದು ನೀವು ಹೇಳಲಿಲ್ಲ. ನಾನು ಸೇರಿಸಿದೆ. ನಿಮಗೆ ಓದಿ ಹೇಳುವಾಗ ಆ ಸಾಲು ಬಿಟ್ಟು ಓದಿದೆ."

ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಇತ್ತ ತಿರುಗಿದಳು. ಕಾಲೇಜಿನ ಹುಡುಗಿಯರಿಬ್ಬರು ಮಾತು ನಿಲ್ಲಿಸಿದರು. ಕಲಾ ಕೊನೆಯ ಸಾಲನ್ನು ಓದಿದ ಮೇಲೆ ಅದು ಏನೆಂದು ಅವಳಿಗೆ ಅರ್ಥವಾಗಿ, ನೋಟ್‌ಬುಕ್ಕನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಗೊತ್ತು," ಎಂದಳು ಅಮ್ಮಾಜಮ್ಮ.

ಶ್ಯಾಮಲ ನೋಡಿದಳು.

"ಕೊಟ್ಟ ಮೂರನೇ ದಿನ ನಮ್ಮ ಮೈದುನ ಸೆಲ್ವರಾಜ್ ಓದಿ ಹೇಳ್ದ. ಅವನು ಜಗಳಕ್ಕೆ ಬರ್ತೀನಿ ಅಂದ. ನಾನು ಪೋದುಂ ಅಂದೆ, ಸಾಕು, ಬಿಡು ಅಂದೆ. ಲೈನಿಗೆ ಬಂದು ಚಾಪೆ ಮೇಲೆ ಕೂತು ಬರೆದುಕೊಟ್ಟೋಳು ನೀನು ಒಬ್ಳೇ. ತಪ್ಪು ಅಂದ್ರೆ ನೀನೂ ಬರಲ್ಲ." ಏಳೆಂಟು ವರ್ಷದಲ್ಲಿ ಮೊದಲ ಸಲ ಅವಳು ಶ್ಯಾಮಲಳನ್ನು ನೀನು ಎಂದಳು, ಎಂದದ್ದು ಅವಳ ಗಮನಕ್ಕೆ ಬಂದಂತಿರಲಿಲ್ಲ. "ಬಾಟ್ಲಿ ಬಂದಾಗ ಹೇಳ್ದೆ. ನೀನು ಎಲ್ಲರ ಕಥೆ ಅಂದೆ. ಆಮೇಲೂ ಹೇಳೋಣ ಅಂತ ಕಾದೆ. ನೀನು ಯಾವಾಗ್ಲೂ ಮಾತಾಡ್ತಾ ಇರ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇವಳು ಕ್ಷಮಿಸುತ್ತಲೂ ಇರಲಿಲ್ಲ. ರೈಲು ತಡವಾದದ್ದನ್ನು ಹೇಳುವಂತೆ ಹೇಳುತ್ತಿದ್ದಳು. ಶ್ಯಾಮಲಳ ಕಣ್ಣಿಂದ ನೀರು ಬಂತು. ಬಂದ ಕೂಡಲೇ, ಇದು ಹೇಗೆ ಕಾಣುತ್ತಿರಬಹುದು ಎಂದು ಹಳೇ ಅಭ್ಯಾಸದಿಂದ ಅನ್ನಿಸಿ, ಶಾಲಿನಿಂದ ಒರಟಾಗಿ ಒರೆಸಿಕೊಂಡಳು.

"ಬರಿ ಈಗ," ಎಂದಳು ಅಮ್ಮಾಜಮ್ಮ. "ನಾ ಹೇಳಿದ್ದಷ್ಟೇ ಬರಿ. ಬರೆದದ್ದನ್ನ ಕಲಾ ಓದ್ತಾಳೆ."

ಕಲಾ ನೋಟ್‌ಬುಕ್ ಕೊಟ್ಟಳು. ಒಂದು ಸ್ಟೇಷನ್ ಬಂದು ಹೋಯಿತು. ಅಮ್ಮಾಜಮ್ಮ ಕಿಟಕಿಯಾಚೆ ನೋಡುತ್ತ, ಕನ್ನಡದಲ್ಲಿ ಶುರು ಮಾಡಿ ತಮಿಳಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತ ಹೇಳಿದಳು. ಅಂದು ಗಂಡ ಆರಕ್ಕೆ ಎದ್ದ. ಮೇಸ್ತ್ರಿ ಮನೆಗೇ ಬಂದು ಕರೆದ. ಹಬ್ಬದ ದಿನ ಬೇಡ ಎಂದ ಗಂಡ, ಛತ್ರದಲ್ಲಿ ಮದುವೆ ಇದೆ, ಇವತ್ತೇ ಆಗಬೇಕು ಎಂದು ಮೇಸ್ತ್ರಿ ಹೇಳಿದ. ಶ್ಯಾಮಲ ಬರೆಯುತ್ತ ಹೋದಳು. ಎರಡು ಕಡೆ ವಾಕ್ಯ ಕುಂಟಿತು, ಕುಂಟಲು ಬಿಟ್ಟಳು.

"ರಾಗಿ ಗಂಜಿ ಎರಡು ಲೋಟ ಕುಡಿದು ಹೋದ್ರು. ಬರಿ."

ಪೆನ್ನು ನಿಂತಿತು. ಆ ಪದ ಹಾಳೆಯ ಮೇಲೆ ಬಂದರೆ ಸಾಯಿಕುಮಾರನ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಹಿಂದಿನ ಮುಂದಿನ ಪದ ಅವನಿಗೆ ಕಾಣುವುದಿಲ್ಲ. ‘ಗಂಜಿ ಸೇವಿಸಿ’ ಎನ್ನಬಹುದು. ‘ತಿಂಡಿ ಮುಗಿಸಿ’ ಎನ್ನಬಹುದು. ಅವಳ ಹಿಂಜರಿಕೆ ಕಲಾಗೂ ತಿಳಿಯಿತು. "ಅಕ್ಕಾ, ಅದೊಂದು ಪದ ಬೇಡ. ಅಷ್ಟನ್ನೇ ಹಿಡ್ಕೊಂಡು ಮತ್ತೆ ಎಂಟು ವರ್ಷ ಓಡಾಡಿಸ್ತಾರೆ."

ಅಮ್ಮಾಜಮ್ಮ ಇಬ್ಬರನ್ನೂ ನೋಡಿದಳು. ವಿಷಯ ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ತುಟಿಯ ಒಂದು ಕೊನೆ ನಗುವಿನಂತೆ ಎಳೆದುಕೊಂಡಿತು.

"ಗಂಜಿನ ಇನ್ನೇನು ಮಾಡ್ತಾರೆ? ಕುಡೀತಾರೆ," ಎಂದಳು. "ಅವ್ರೂ ಕುಡಿದ್ರು. ನಾನೇ ಕಾಯಿಸಿ ಕೊಟ್ಟೆ. ಕುಡಿದು ಹೋದ್ರು ಅಂತಾನೇ ಬರಿ."

ಶ್ಯಾಮಲ ‘ಕುಡಿದು’ ಎಂದೇ ಬರೆದಳು. ಪೆನ್ನನ್ನು ಹಾಳೆಯಿಂದ ಎತ್ತದೆ ಮುಂದಿನ ಮಾತಿಗೆ ಕಾದಳು.